ಮೋತ್ಯಾನ ಪಥ್ಯ

ಪಕ್ಕದ ಮನೆಯ ಶಾಂತಿ ನಿನ್ನೆ ಬೆಳಿಗ್ಗೆ ಗೋಡೆಯಾಚೆಯಿಂದ ಕೈ ಚಾಚಿ ನನಗೊಂದು ಗುಳಿಗೆಯ ಪಟ್ಟಿ ತೋರಿಸಿದಳು. ಬೆಳ್ಳಿ ಕಾಗದದ ಮೇಲೆ ಹತ್ತು ಗುಳಿಗೆ, ಒಂದೊಂದಕ್ಕೂ ಒಂದೊಂದು ಕೋಣೆ. ನಾನು ಕನ್ನಡಕ ಏರಿಸಿ ಇಳಿಸಿ ನೋಡಿ, ನನ್ನ ಬಿ.ಪಿ. ಗುಳಿಗೆಗಿಂತ ಇವೇ ಚೆಂದ ಇವೆಯಲ್ಲ ಅಂದೆ. ಅವು ಅವಳ ನಾಯಿ ಟೈಗರನವಂತೆ. ಹೆಸರೇನೋ ಟೈಗರ್, ಆದರೆ ಬೆಕ್ಕು ಕಂಡರೆ ಶಾಂತಿಯ ಸೀರೆಯ ಹಿಂದೆ ಹೋಗಿ ನಿಲ್ಲುವ ಪ್ರಾಣಿ. ಎರಡು ತಿಂಗಳಿಂದ ಅದಕ್ಕೆ ಉಬ್ಬಸ. ನಾಲ್ಕು ಹೆಜ್ಜೆ ನಡೆದರೆ ನಿಂತು ಕೆಮ್ಮುತ್ತದೆ, ಮಲಗಿದರೆ ಎದೆಯೊಳಗೆ ಸೀಟಿ ಊದುತ್ತದೆ.

"ದಿನಕ್ಕೆ ಎರಡು ಸಲ ಅಂತೆ ಅಕ್ಕೋರೇ. ಶಿರಪ್ ಬೇರೆ ಕೊಟ್ಟಾರೆ. ತ್ರಾಸು ಜಾಸ್ತಿ ಆದ್ರೆ ಇಂಜೆಕ್ಷನ್ನೂ ಅದೆಯಂತೆ" ಅಂದಳು ಶಾಂತಿ.

"ಪಥ್ಯ?" ಅಂದೆ.

"ನಾಯಿಗೆ ಎಂತಾ ಪಥ್ಯ ಅಕ್ಕೋರೇ?" ಎಂದು ಅವಳು ನಕ್ಕಳು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು, ಯಾರಾದರೂ ನಕ್ಕರೆ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಈ ನಗುವಿಗೆ ನನ್ನ ನಗು ಸೇರಿಸಲು ಆಗಲಿಲ್ಲ. ಏಕೆಂದರೆ ಒಂದು ನಾಯಿಯ ಉಬ್ಬಸಕ್ಕೆ ಇಪ್ಪತ್ತೊಂದು ದಿನ ಪಥ್ಯ ಆದದ್ದು ನಮ್ಮ ಮನೆಯಲ್ಲಿ. ಪಥ್ಯ ಮಾಡಿದ್ದು ನಾಯಿಯಲ್ಲ, ನಾನು. ಉಪ್ಪು ಕಡಿಮೆ ಮಾಡಿ ಎಂದು ನನ್ನ ಡಾಕ್ಟರು ಮೂರು ವರ್ಷದಿಂದ ಬೇಡಿಕೊಳ್ಳುತ್ತಿದ್ದರೂ ಗಂಜಿಯ ತಟ್ಟೆಯ ಪಕ್ಕ ಮಿಡಿ ಉಪ್ಪಿನಕಾಯಿ ಇಲ್ಲದೆ ಕೂರದ ನಾನು. ಇದನ್ನು ಶಾಂತಿಗೆ ಹೇಳೋಣವೆಂದರೆ ಅವಳ ಕುಕ್ಕರು ಕೂಗಿತು. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನನಗಾಗ ಒಂಬತ್ತು ವರ್ಷ. ಅಂಕೋಲೆಯ ಹಟ್ಟಿಕೇರಿಯಲ್ಲಿ ನಮ್ಮ ಮನೆ. ಅಪ್ಪ, ನಾನು ಆಯಿ ಎಂದು ಕರೆಯುತ್ತಿದ್ದ ಅಮ್ಮ, ಅಪ್ಪನ ತಮ್ಮ ಚಿಕ್ಕಪ್ಪ, ನಾನು, ಎರಡು ಜೊತೆ ಎತ್ತು ಮತ್ತು ಮೋತ್ಯಾ. ಮೋತ್ಯಾ ಚಿಕ್ಕಪ್ಪನ ನಾಯಿ. ಬೇಲೆಕೇರಿಯಿಂದ ಮೀನು ತರುವವಳ ಬುಟ್ಟಿಯ ಜೊತೆ ಮರಿಯಾಗಿ ಬಂದು, ಬುಟ್ಟಿ ಖಾಲಿಯಾದರೂ ವಾಪಸು ಹೋಗದೆ ನಮ್ಮಲ್ಲೇ ಉಳಿದದ್ದು. ಮೈ ಹಳದಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಚಿಕ್ಕಪ್ಪ ಗಾಡಿ ಹೂಡಿದರೆ ಅಚ್ಚಿನ ಕೆಳಗಿನ ನೆರಳಿನಲ್ಲೇ ನಡೆದು ಎಷ್ಟು ದೂರ ಬೇಕಾದರೂ ಹೋಗುತ್ತಿತ್ತು. ಚಿಕ್ಕಪ್ಪನಿಗೆ ಮದುವೆಯಾಗಿರಲಿಲ್ಲ. ಹೆಣ್ಣು ನೋಡುವ ಮಾತು ಬಂದಾಗಲೆಲ್ಲ ಆಯಿ, "ಮೊದ್ಲು ಮೋತ್ಯಾನ ಕೇಳ್ಬೇಕು" ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ನಮ್ಮ ಕಡೆಯ ಜನ ಸಮುದ್ರದಂಡೆಗೆ ಹೋಗಿ ಸರ್ಕಾರದ ಅಪ್ಪಣೆ ಇಲ್ಲದೆ ಉಪ್ಪು ಮಾಡಿದ ಕತೆ ನಿಮಗೆ ಗೊತ್ತಿರುತ್ತದೆ. ಚಿಕ್ಕಪ್ಪನೂ ಹೋದ. ಸಂಜೆ ಬರುವಾಗ ಪಂಚೆಯ ಸೆರಗಿನಲ್ಲಿ ಒಂದು ಬೊಗಸೆ ಉಪ್ಪು ಕಟ್ಟಿಕೊಂಡು ಬಂದಿದ್ದ. ಉಪ್ಪೆಂದರೆ ಈಗಿನ ಹಾಲಿನಂಥ ಉಪ್ಪಲ್ಲ. ಬೂದು ಬಣ್ಣ, ಅರ್ಧ ಮಣ್ಣು, ಚಿಪ್ಪಿನ ಚೂರು ಬೇರೆ. ಆಯಿ ಅದನ್ನು ಮುಟ್ಟಿ ನೋಡಿ, "ಇದಕ್ಕಾ ಇಷ್ಟೆಲ್ಲಾ?" ಅಂದಳು. ಆಮೇಲೆ ಏನನ್ನಿಸಿತೋ, ಒಂದು ಸಣ್ಣ ಭರಣಿಗೆ ಹಾಕಿ ದೇವರ ಗೂಡಿನಲ್ಲಿಟ್ಟು ಕೈಮುಗಿದಳು. ಎರಡು ದಿನ ಬಿಟ್ಟು ಪೊಲೀಸರು ಬಂದರು. ಚಿಕ್ಕಪ್ಪ ಉಣ್ಣುತ್ತಿದ್ದವನು ಎದ್ದು ಕೈತೊಳೆದು, "ಅತ್ತಿಗೆ, ನಾ ತಿರುಗಿ ಬಂದ ದಿನ ಗಂಜಿಗೆ ಆ ಉಪ್ಪೇ ಹಾಕ್ಬೇಕು. ಅಲ್ಲೀತನಕ ಯಾರೂ ಮುಟ್ಟೂದು ಬೇಡ" ಅಂದ. ನನ್ನ ತಲೆಯ ಮೇಲೆ ಕೈಯಿಟ್ಟು, "ದೇವಕೀ, ಮೋತ್ಯಾ ನಿನ್ನ ಕೈಲಿ ಇರ್ಲಿ. ನಾ ಬರೂತನಕ ನೋಡ್ಕೋ" ಅಂದ.

ಹೀಗೆ ಚಿಕ್ಕಪ್ಪ ಬಿಟ್ಟುಹೋದದ್ದು ಎರಡು ವಸ್ತು. ಉಪ್ಪು ಆಯಿಯ ಪಾಲಿಗೆ, ನಾಯಿ ನನ್ನ ಪಾಲಿಗೆ. ನಾಯಿ ಮೂರು ದಿನ ಅನ್ನ ಮುಟ್ಟಲಿಲ್ಲ. ಗಾಡಿಯ ಕೆಳಗೆ ಮಲಗಿ ದಾರಿ ನೋಡುತ್ತಿತ್ತು. ನಾಲ್ಕನೆಯ ದಿನ ನಾನು ಅನ್ನ ಕಲಸಿ ಅಂಗೈಯಲ್ಲಿಟ್ಟು ಮೂಗಿನ ಹತ್ತಿರ ಹಿಡಿದೆ. ಬಹಳ ಹೊತ್ತು ಮೂಸಿ, ನನ್ನ ಮುಖ ನೋಡಿ, ದಾಕ್ಷಿಣ್ಯಕ್ಕೆಂಬಂತೆ ತಿಂದಿತು. ಅಂದಿನಿಂದ ಬೇರೆ ಯಾರು ಹಾಕಿದರೂ ತಿನ್ನುತ್ತಿರಲಿಲ್ಲ. ನನಗೆ ಬಂದ ಗರ್ವ ಅಷ್ಟಿಷ್ಟಲ್ಲ. ಶಾಲೆಗೆ ಹೋಗುವ ಮೊದಲು, ಬಂದ ಮೇಲೆ, ಅದಕ್ಕೆ ಅನ್ನ ಹಾಕುವಾಗ ಕೇರಿಯ ಹುಡುಗಿಯರೆಲ್ಲ ನೋಡಲಿ ಎಂದು ಅಂಗಳದ ನಡುವೆಯೇ ಕೂತು ಹಾಕುತ್ತಿದ್ದೆ.

ಮಳೆಗಾಲ ಹಿಡಿಯಿತು. ನಮ್ಮ ಕರಾವಳಿಯ ಮಳೆಯಲ್ಲಿ ಮನುಷ್ಯರ ಮೈಯೇ ಹಸಿ ಹಸಿ, ಇನ್ನು ನಾಯಿಯ ಪಾಡೇನು. ಮೋತ್ಯಾ ಮೊದಲು ಕೆಮ್ಮತೊಡಗಿತು. ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿರಬೇಕೆಂದು ಅಪ್ಪ ಬಾಯಿಗೆ ಕೈ ಹಾಕಿ ನೋಡಿದ. ಮುಳ್ಳು ಇರಲಿಲ್ಲ, ಅಪ್ಪನ ಕೈಗೆ ಹಲ್ಲು ತಾಗಿದ್ದೇ ಬಂತು. ಚೌತಿ ಕಳೆಯುವ ಹೊತ್ತಿಗೆ ಕೆಮ್ಮು ಹೋಗಿ ಉಬ್ಬಸ ಬಂತು. ಕೂತರೆ ಮುಂಗಾಲು ಅಗಲಿಸಿ, ಕತ್ತು ಮುಂದೆ ಚಾಚಿ, ಪಕ್ಕೆ ಒಳಗೆ ಹೊರಗೆ ಮಾಡುತ್ತಾ ಉಸಿರು ಎಳೆಯುತ್ತಿತ್ತು. ನಾನು ಪಕ್ಕ ಕೂತು ಅದರ ಜೊತೆಗೇ ಉಸಿರು ಎಳೆದು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನನಗೇ ತಲೆ ತಿರುಗುತ್ತಿತ್ತು.

ಅದೇ ಸಮಯಕ್ಕೆ ಜೈಲಿನಿಂದ ಚಿಕ್ಕಪ್ಪನ ಕಾಗದ ಬಂತು. ಮನೆಯಲ್ಲಿ ಓದು ಬರಹ ಬಲ್ಲವಳು ನಾನೊಬ್ಬಳೇ, ಕನ್ನಡ ಮೂರನೇ ಇಯತ್ತೆಯ ಪಂಡಿತೆ. ನಾಲ್ಕು ಸಾಲಿನ ಕಾಗದ. ಅದರಲ್ಲಿ ಎರಡು ಸಾಲು ಮೋತ್ಯಾನ ಬಗ್ಗೆ. ಉತ್ತರ ಬರೆಯುವಾಗ ಅಪ್ಪ ಹೇಳಿದಂತೆ ಮಳೆ, ಬೆಳೆ, ಎತ್ತು ಎಲ್ಲ ಬರೆದೆ. ಕೊನೆಗೆ ಅಪ್ಪ, "ಮೋತ್ಯಾ ಆರಾಮ ಇದ್ದಾನೆ ಅಂತ ಬರಿ" ಅಂದ. ಆಯಿ ಒಲೆಯ ಹತ್ತಿರದಿಂದ, "ಹೌದು, ಅಲ್ಲಿ ಕೂತವ್ಗೆ ಸುಮ್ನೆ ಯಾಕೆ ಚಿಂತೆ" ಅಂದಳು. ಬರೆದೆ. ಹೊರಗೆ ಜಗಲಿಯಲ್ಲಿ ಅದರ ಎದೆಯ ಸೀಟಿ ಕೇಳುತ್ತಿತ್ತು. ಬರೆದದ್ದನ್ನು ನಿಜ ಮಾಡುವ ಜವಾಬ್ದಾರಿ ನನ್ನದು ಎಂದು ಆ ಹೊತ್ತಿಗೇ ನನಗೆ ಅನ್ನಿಸಿಬಿಟ್ಟಿತು. ಚಿಕ್ಕಪ್ಪ ಬಂದಾಗ ಮೋತ್ಯಾ ಇರಲೇಬೇಕು.

ಮನೆಮದ್ದು ಶುರುವಾಯಿತು. ಆಡುಸೋಗೆ ಸೊಪ್ಪಿನ ರಸ ಮಾಡಿ ಬೆಲ್ಲ ಸೇರಿಸಿ ಕುಡಿಸಿದೆವು. ಬೆಲ್ಲವನ್ನು ಮಾತ್ರ ನೆಕ್ಕಿ ರಸವನ್ನು ಉಗುಳುವ ಉಪಾಯ ಅದಕ್ಕೆ ಹೇಗೆ ತಿಳಿಯಿತೋ ಕಾಣೆ. ಶುಂಠಿ ಕಷಾಯವಾಯಿತು, ಎದೆಗೆ ಬಿಸಿ ಎಣ್ಣೆ ತಿಕ್ಕಿದ್ದಾಯಿತು. ಅಜ್ಜ ಇದ್ದಾಗ ಅವನ ದಮ್ಮಿಗೆ ಒಣಗಿದ ದತ್ತೂರಿ ಎಲೆ ಸುಟ್ಟು ಹೊಗೆ ಕೊಡುತ್ತಿದ್ದುದು ಅಪ್ಪನಿಗೆ ನೆನಪಿತ್ತು. ಹಳೆಯ ಮಡಕೆಯಲ್ಲಿ ಕೆಂಡ ಹಾಕಿ, ಎಲೆ ಉದುರಿಸಿ, ಮೋತ್ಯಾನ ಮುಂದಿಟ್ಟ. ಮೋತ್ಯಾ ಒಂದು ಸಲ ಅಪ್ಪನನ್ನು ನೋಡಿತು, ಒಂದು ಸಲ ಮಡಕೆಯನ್ನು ನೋಡಿತು, ಆಮೇಲೆ ಎದ್ದುಹೋಗಿ ಭತ್ತದ ಕಣಜದ ಕೆಳಗೆ ತೂರಿಕೊಂಡಿತು. ಹೊಗೆ ಕುಡಿದು ಕೆಮ್ಮಿದ್ದು ನಾವು. ಅದು ಹೊರಗೆ ಬಂದದ್ದು ಮಾರನೆಯ ದಿನ ಮಧ್ಯಾಹ್ನ.

ನವರಾತ್ರಿ ಕಳೆದು ದಾರಿ ಒಣಗಿದ ಮೇಲೆ ಅಪ್ಪ ಕಾರವಾರಕ್ಕೆ ಗಾಡಿ ಹೂಡಿದ. ಹೊರಗೆ ಹೇಳಿದ ಕಾರಣ ಅಕ್ಕಿಯ ವ್ಯಾಪಾರ. ನಾಯಿಯನ್ನು ಡಾಕ್ಟರಿಗೆ ತೋರಿಸಲು ಹೋಗುತ್ತೇನೆಂದರೆ ಕೇರಿಯಲ್ಲಿ ಮರ್ಯಾದೆ ಉಳಿಯುತ್ತಿತ್ತೇ? ಅಕ್ಕಿ ಮೂಟೆಯ ಮಧ್ಯೆ ಕಂಬಳಿ ಹಾಸಿ ಮೋತ್ಯಾನನ್ನು ಮಲಗಿಸಿ, ಅದರ ಪಕ್ಕ ನಾನು ಕೂತೆ. ನಾನು ಕಾರವಾರ ನೋಡಿದ್ದು ಅದೇ ಮೊದಲು. ಈಗ ಕಾರವಾರದಲ್ಲಿ ಬಸ್ಸು ಹತ್ತಿ ಕೂತು ತೂಕಡಿಸುವುದರೊಳಗೆ ಹಟ್ಟಿಕೇರಿ ಬರುತ್ತದೆ. ಆಗ ಇಡೀ ದಿನದ ದಾರಿ, ಘಟ್ಟ ಹತ್ತುವಾಗ ಅಪ್ಪ ಇಳಿದು ಚಕ್ರಕ್ಕೆ ಕೈಕೊಡಬೇಕು. ದಾರಿಯಲ್ಲಿ ಸಿಗುವ ಬಿಣಗಾದಲ್ಲಿ ಈಗಿರುವ ಕಾರ್ಖಾನೆಯ ಸುದ್ದಿಯೇ ಆಗ ಇರಲಿಲ್ಲ. ಗದ್ದೆಯ ಬದಿಯ ಒಂದು ಬಾವಿಯ ಹತ್ತಿರ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಸಮುದ್ರದ ಗಾಳಿ ಬೀಸುತ್ತಿತ್ತು. ಮೋತ್ಯಾ ತಲೆಯೆತ್ತಿ ಆ ಗಾಳಿ ಕುಡಿಯಿತು, ಅವತ್ತು ಅದರ ಸೀಟಿ ಕಡಿಮೆಯಾದಂತೆ ನನಗೆ ಕಂಡಿತು.

ಕೋಡಿಬಾಗದಲ್ಲಿ ಕಾಳಿ ಹೊಳೆಯ ದಂಡೆಗೆ ಹತ್ತಿರ ಒಬ್ಬ ಡಾಕ್ಟರ ದವಾಖಾನೆ. ಅವರು ಮನುಷ್ಯರ ಡಾಕ್ಟರು. ಮೋತ್ಯಾನನ್ನು ಗಾಡಿಯಲ್ಲೇ ಬಿಟ್ಟು, ಅಪ್ಪ ಟೊಪ್ಪಿ ಕೈಯಲ್ಲಿ ಹಿಡಿದು ಒಳಗೆ ಹೋದ. ಹಿಂದೆ ನಾನು.

"ಯಾರಿಗೆ ಆರಾಮಿಲ್ಲ?" ಡಾಕ್ಟರು ಕೇಳಿದರು.

"ನಮ್ಮನೇಲಿ ಒಬ್ರಿಗೆ ದಮ್ಮು."

"ವಯಸ್ಸು?"

ಅಪ್ಪ ನನ್ನ ಮುಖ ನೋಡಿದ. "ಎಂಟು" ಅಂದೆ.

"ಮಗುವಾ? ಹೊರಗೆ ಯಾಕೆ ಬಿಟ್ಟಿರಿ, ಕರಕೊಂಡು ಬನ್ನಿ."

ಅಪ್ಪ ಕದಲಲಿಲ್ಲ. ನಾನೇ ಹೋಗಿ ಮೋತ್ಯಾನನ್ನು ಇಳಿಸಿ ಕರೆತಂದೆ. ಬಾಗಿಲಲ್ಲಿ ನಿಂತು ಅದು ಬಾಲ ಅಲ್ಲಾಡಿಸಿತು. ಡಾಕ್ಟರು ಕನ್ನಡಕದ ಮೇಲಿಂದ ಅದನ್ನು ನೋಡಿದರು, ಅಪ್ಪನನ್ನು ನೋಡಿದರು. ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ಎದ್ದುಹೋಗಿ ಹೊರಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ, ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಮೊಣಕಾಲೂರಿ ಕೂತು, ತಮ್ಮ ಎದೆಯ ನಳಿಗೆಯನ್ನು ಮೋತ್ಯಾನ ಪಕ್ಕೆಗೆ ಇಟ್ಟರು. ಇಷ್ಟು ವರ್ಷದಲ್ಲಿ ನಾನು ಎಷ್ಟೋ ಡಾಕ್ಟರರನ್ನು ಕಂಡಿದ್ದೇನೆ, ನನ್ನ ಎದೆಗೆ ಅಷ್ಟು ಹೊತ್ತು ಕಿವಿಗೊಟ್ಟವರು ಯಾರೂ ಇಲ್ಲ.

"ಎದೆ ತುಂಬಾ ಕಫ ಅದೆ. ಮಿಕ್ಸ್ಚರು ಕೊಡ್ತೇನೆ, ದಿನಕ್ಕೆ ಮೂರು ಸಲ. ತಪ್ಪಿಸಬೇಡಿ. ಹೊಗೆ ಬೇಡ, ಧೂಳಿನಲ್ಲಿ ಮಲಗಿಸಬೇಡಿ" ಅಂದರು. ಇದನ್ನು ನಾನು ಈಗ ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆಗ ನಮ್ಮಿಬ್ಬರ ಕಣ್ಣೂ ಕಾಂಪೌಂಡರ ಕೈಯ ಸೀಸೆಯ ಮೇಲಿತ್ತು. ಕಂದು ಬಣ್ಣದ ಔಷಧ, ಸೀಸೆಯ ಬದಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ, ಒಂದು ಹಲ್ಲಿಗೆ ಒಂದು ಸಲದ ಔಷಧ. ಅಂಥ ಸೀಸೆ ಮನೆಗೆ ಬಂದ ಮೇಲೆ ರೋಗ ಉಳಿಯುವುದುಂಟೇ ಎಂಬ ಧೈರ್ಯ ನಮಗೆ. ಬಾಯಲ್ಲಿ ಹೇಳಿದ್ದು ಔಷಧವಲ್ಲವಲ್ಲ.

ಮಿಕ್ಸ್ಚರು ಒಳ್ಳೆಯದೇ ಇತ್ತು. ಮೊದಲ ಎರಡು ದಿನದಲ್ಲೇ ಮೋತ್ಯಾ ಸ್ವಲ್ಪ ಹಗುರಾಯಿತು. ಆದರೆ ನಮ್ಮ ಮನೆಯ ಒಳ್ಳೆಯತನವೇ ಅದಕ್ಕೆ ಮುಳುವಾಯಿತು. ನಾನು ಶಾಲೆಗೆ ಹೋದಾಗ ಆಯಿ ಹಾಕಿರುತ್ತಾಳೆಂದು ಅಪ್ಪ ಸುಮ್ಮನಿದ್ದ, ಅಪ್ಪ ಹಾಕಿರುತ್ತಾನೆಂದು ಆಯಿ ಸುಮ್ಮನಿದ್ದಳು. ಮರುದಿನ ಮೂವರೂ, ಪಾಪ ಯಾರೂ ಹಾಕಿರಲಿಕ್ಕಿಲ್ಲವೆಂದು, ಒಬ್ಬರಿಗೊಬ್ಬರು ತಿಳಿಸದೆ ಬಾಯಿಗೆ ಹೊಯ್ದೆವು. ಕಾಗದದ ಹಲ್ಲು ಒಂದು ದಿನ ಒಂದೂ ಇಳಿಯದು, ಇನ್ನೊಂದು ದಿನ ಐದು ಇಳಿದಿರುವುದು. ಹೀಗೆ ಸೀಸೆ ಮುಗಿಯಿತು, ಉಬ್ಬಸ ಉಳಿಯಿತು. ಕೊಯ್ಲಿನ ದಿನಗಳು, ಇನ್ನೊಮ್ಮೆ ಕಾರವಾರಕ್ಕೆ ಹೋಗಲು ಅಪ್ಪನಿಗೆ ಪುರಸೊತ್ತಿರಲಿಲ್ಲ.

ಆಗ ಆಯಿ ಗುಡ್ಡದ ಬುಡದಿಂದ ಸೋಮಜ್ಜಿಯನ್ನು ಕರೆಸಿದಳು. ಸೋಮಜ್ಜಿ ಗಾಂವಟಿ ಔಷಧ, ಅಂದರೆ ಬೇರು ಸೊಪ್ಪಿನ ನಾಟಿ ಮದ್ದು, ಕೊಡುವವಳು. ದನ, ಕರು, ಬಾಣಂತಿ, ಶಿಶು, ಯಾರಿಗೂ ಭೇದವಿಲ್ಲ. ಕೊರಳ ತುಂಬ ಮಣಿಸರ, ಸೊಂಟದಲ್ಲಿ ಎಲೆಯಡಿಕೆಯ ಚೀಲ. ಮೋತ್ಯಾನ ಪಕ್ಕ ಕೂತು, ಅದರ ಒಸಡು ಒತ್ತಿ ನೋಡಿ, ಕಣ್ಣು ಬಿಡಿಸಿ ನೋಡಿ, ಕೊನೆಗೆ ಕೇಳಿದಳು:

"ಇದು ಯಾರ ಕೈದು ಉಣ್ತದೆ?"

"ಇವ್ಳದು" ಎಂದು ಆಯಿ ನನ್ನನ್ನು ತೋರಿಸಿದಳು.

"ಹಂಗಾರೆ ಪಥ್ಯ ಇವ್ಳೇ ಮಾಡ್ಲಿ. ಉಪ್ಪಿಲ್ಲ, ಹುಳಿಯಿಲ್ಲ, ಮೀನಿಲ್ಲ. ಇಪ್ಪತ್ತೊಂದು ದಿನ."

"ಒಂಬತ್ತು ವರ್ಷದ ಹುಡುಗಿ ಸೋಮಕ್ಕ" ಅಂದಳು ಆಯಿ.

"ಮೊಲೆ ಕುಡಿಯೂ ಶಿಶುಗೆ ಔಷಧ ಕೊಟ್ರೆ ಪಥ್ಯ ಯಾರು ಮಾಡ್ತ್ರು? ತಾಯಿ ಅಲ್ದಾ? ನಾಯಿಗೆ ಹೇಳಿದ್ರೆ ಅದು ಕೇಳ್ತದಾ? ಯಾರ ಕೈದು ಉಣ್ತದೋ ಅವ್ರೇ ಅದರ ತಾಯಿ."

ತಾಯಿ ಎಂದು ಕರೆದ ಮೇಲೆ ಹಿಂದೆ ಸರಿಯುವುದು ಹೇಗೆ? ಮಾಡುತ್ತೇನೆಂದೆ. ಸೋಮಜ್ಜಿ ಎಂತದೋ ಬೇರು, ಕಾಳುಮೆಣಸು, ಜೇನು ಸೇರಿಸಿ ಅರೆದು ಕಡಲೆಕಾಳಿನಷ್ಟು ಉಂಡೆ ಕಟ್ಟಿಕೊಟ್ಟಳು. ಬೆಳಿಗ್ಗೆ ಒಂದು, ಸಂಜೆ ಒಂದು, ಅನ್ನದ ಮುದ್ದೆಯೊಳಗಿಟ್ಟು ತಿನ್ನಿಸಬೇಕು. ಮೊದಲು ಅದಕ್ಕೆ, ಆಮೇಲೆ ನನ್ನ ಊಟ. ಈ ಕ್ರಮ ತಪ್ಪಕೂಡದು.

ಉಪ್ಪಿಲ್ಲದ ಗಂಜಿಯನ್ನು ನೀವು ಉಂಡಿದ್ದೀರೋ ಇಲ್ಲವೋ. ಮೊದಲ ದಿನ ಹೊಸತೆಂಬ ಹುರುಪಿನಲ್ಲಿ ಹೋಗುತ್ತದೆ. ಎರಡನೆಯ ದಿನ ನಾಲಿಗೆ ದೂರು ಹೇಳುತ್ತದೆ. ಮೂರನೆಯ ದಿನದಿಂದ ತಟ್ಟೆ ಕಂಡರೆ ಅಳು ಬರುತ್ತದೆ. ಅದೂ ಯಾವ ಕಾಲ? ಬಂಗಡೆಯ ಕಾಲ. ಬೇಲೆಕೇರಿಯಲ್ಲಿ ರಂಪಣಿ ಬಲೆ ಎಳೆದರೆ ದಂಡೆಯ ಮೇಲೆ ಬಂಗಡೆಯ ರಾಶಿ. ಅಪ್ಪ ಬುಟ್ಟಿ ತುಂಬ ತರುತ್ತಿದ್ದ. ತೆಪ್ಪಲದ ಕಾಯಿ ಜಜ್ಜಿ ಹಾಕಿ ಆಯಿ ಸಾರು ಕುದಿಸಿದರೆ ಪರಿಮಳ ರಸ್ತೆಯ ತನಕ ಹೋಗುತ್ತಿತ್ತು. ಆಯಿ ನನ್ನನ್ನು ಹಿತ್ತಿಲ ಕಡೆ ಮುಖ ಮಾಡಿ ಕೂರಿಸಿ ಬಡಿಸುತ್ತಿದ್ದಳು. ಮುಖವನ್ನು ತಿರುಗಿಸಬಹುದು, ಮೂಗನ್ನು ಎಲ್ಲಿಡುವುದು? ಮೋತ್ಯಾ ಮಾತ್ರ ಅಪ್ಪನ ಎಲೆಯ ಬಂಗಡೆ ತಲೆಯನ್ನು ಕಚ್ಚಿಕೊಂಡು ನನ್ನ ಎದುರಿಗೇ ಬಂದು ಕೂತು ತಿನ್ನುತ್ತಿತ್ತು. ಅದರ ಪಥ್ಯ ನಾನು ಮಾಡುತ್ತಿದ್ದೆನಲ್ಲ.

ಮೀನಿಗೆ ನಾನು ಸೋಲಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಸೋತದ್ದು ಉಪ್ಪಿಗೆ. ಒಂಬತ್ತನೆಯ ದಿನ ಬೆಳಿಗ್ಗೆ ದೇವರ ದೀಪಕ್ಕೆ ಎಣ್ಣೆ ಹಾಕಲು ಹೋದವಳ ಕಣ್ಣು ಭರಣಿಯ ಮೇಲೆ ಬಿತ್ತು. ಆಗ ನನ್ನ ತಲೆ ಎಷ್ಟು ಚುರುಕಾಗಿ ಓಡಿತೆಂದರೆ ಮುಂದೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲೂ ಹಾಗೆ ಓಡಲಿಲ್ಲ. ದೇವರ ಗೂಡಿನಲ್ಲಿರುವುದು ಪ್ರಸಾದ. ಪ್ರಸಾದಕ್ಕೆ ಪಥ್ಯವಿಲ್ಲ. ಆಯಿ ಜ್ವರ ಬಂದಾಗಲೂ ಪ್ರಸಾದ ಬೇಡವೆಂದವಳಲ್ಲ. ಸೋಮಜ್ಜಿ ಬೇಡವೆಂದದ್ದು ಅಡುಗೆಮನೆಯ ಉಪ್ಪನ್ನು. ಇಷ್ಟು ನ್ಯಾಯ ತೀರ್ಮಾನವಾದ ಮೇಲೆ ಬೆರಳನ್ನು ನಾಲಿಗೆಗೆ ತಾಗಿಸಿ, ಭರಣಿಯಲ್ಲಿ ಅದ್ದಿ, ಚಪ್ಪರಿಸಿದೆ. ಮಣ್ಣಿನ ರುಚಿ, ಚಿಪ್ಪಿನ ಕಿರಕಿರ, ಅದರ ಜೊತೆಗೆ ಉಪ್ಪು. ಕಣ್ಣಲ್ಲಿ ನೀರು ಬಂತು. ಅದಕ್ಕಿಂತ ರುಚಿಯಾದದ್ದನ್ನು ನಾನು ಇಂದಿನ ತನಕ ತಿಂದಿಲ್ಲ.

ಕೈಮುಗಿದು ಹೊರಗೆ ಬಂದೆ. ನಾನು ಆ ವಾರ ದೇವರಿಗೆ ಎಷ್ಟು ಸಲ ಕೈಮುಗಿದೆನೆಂದರೆ, ಆಯಿ ಅಪ್ಪನ ಹತ್ತಿರ, "ನಾಯಿ ಸಲುವಾಗಿ ಹುಡುಗಿಗೆ ಭಕ್ತಿ ಬಂತು" ಅಂದಳು.

ಹದಿನೇಳನೆಯ ದಿನ ಬೆಳಿಗ್ಗೆ ಬೆರಳು ಭರಣಿಯ ತಳಕ್ಕೆ ತಾಗಿತು. ಒದ್ದೆ ಮಣ್ಣು, ಎರಡು ಚಿಪ್ಪಿನ ಚೂರು, ಅಷ್ಟೇ. ಯಾರೂ ಮುಟ್ಟುವುದು ಬೇಡವೆಂದು ಚಿಕ್ಕಪ್ಪ ಹೇಳಿ ಹೋದ ಉಪ್ಪು, ಅವನು ಜೈಲು ಕಂಡ ಉಪ್ಪು, ನನ್ನ ಹೊಟ್ಟೆಯಲ್ಲಿತ್ತು. ಭರಣಿಯ ಮುಚ್ಚಳ ಮುಚ್ಚುತ್ತಿರುವಾಗಲೇ ಜಗಲಿಯಿಂದ ಆಯಿ ಕರೆದಳು. ಹೋಗಿ ನೋಡಿದರೆ ಮೋತ್ಯಾ ಕತ್ತು ಚಾಚಿ, ನಾಲಿಗೆ ಹೊರಗೆ ಹಾಕಿ, ಉಸಿರಿಗಾಗಿ ಒದ್ದಾಡುತ್ತಿತ್ತು. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಷ್ಟು ಕೆಟ್ಟ ಉಬ್ಬಸ ಅದಕ್ಕೆ ಹಿಂದೆಂದೂ ಬಂದಿರಲಿಲ್ಲ. ನನಗೆ ಎಲ್ಲವೂ ತಿಳಿದುಹೋಯಿತು. ಪಥ್ಯ ಕೆಡಿಸಿದವಳು ನಾನು, ಸಾಯುವುದು ಅದು.

ಆಯಿಗೆ ಏನೂ ಹೇಳದೆ ಗುಡ್ಡದ ಬುಡಕ್ಕೆ ಓಡಿದೆ. ಸೋಮಜ್ಜಿ ಅಂಗಳ ಸಾರಿಸುತ್ತಿದ್ದಳು. ಅಳುತ್ತಾ ಭರಣಿ, ಬೆರಳು, ಪ್ರಸಾದ, ಎಲ್ಲ ಹೇಳಿದೆ. ಅವಳು ಸಗಣಿಯ ಕೈಯಲ್ಲೇ ನಿಂತು ಕೇಳಿ, ಒಂದೇ ಒಂದು ಪ್ರಶ್ನೆ ಹಾಕಿದಳು.

"ಔಷಧ ತಪ್ಪಿಸ್ದ್ಯಾ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ. ಸಪ್ಪೆ ಗಂಜಿ ಕಂಡ ಕೂಡ್ಲೇ ನೆನಪಾಗ್ತದೆ."

"ಅದಕ್ಕೇ ಮತ್ತೆ ಪಥ್ಯ ಹೇಳಿದ್ದು" ಅಂದಳು ಸೋಮಜ್ಜಿ. "ನೀ ಉಪ್ಪು ತಿಂದ್ರೆ ನಾಯಿಗೆ ಎಂತಾ ಆಗ್ತದೆ ಮಗಾ? ಬರೀ ಉಂಡೆ ಕೊಟ್ಟು ಹೋದ್ರೆ ನಾಕು ದಿನಕ್ಕೆ ಎಲ್ರೂ ಮರೀತ್ರು. ಬಾಯಿ ಸಪ್ಪೆ ಆದವ್ರು ಮರಿಯೂದಿಲ್ಲ. ನಡಿ, ನೋಡ್ವಾ."

ಬಂದವಳು ಮೋತ್ಯಾನನ್ನು ನೋಡುವ ಮೊದಲು ಅದು ಮಲಗಿದ ಜಾಗ ನೋಡಿದಳು. ಹೊಸ ಬೆಳೆಯ ಹುಲ್ಲು, ಮೊಣಕಾಲೆತ್ತರ. ಚಳಿಗೆ ಬೆಚ್ಚಗಿರಲೆಂದು ಹಿಂದಿನ ಸಂಜೆ ನಾನೇ ಹೊತ್ತುತಂದು ಹಾಸಿದ್ದೆ. ಸೋಮಜ್ಜಿ ಒಂದು ಹಿಡಿ ಎತ್ತಿ ಕೊಡವಿದಳು. ಬಿಸಿಲಿನಲ್ಲಿ ಧೂಳು ಎದ್ದು ನಮ್ಮ ಮೂವರಿಗೂ ಸೀನು ಬಂತು. ಆಗ ನನಗೆ ಕೋಡಿಬಾಗದ ಡಾಕ್ಟರು ಬಾಗಿಲು ಮುಂದೆ ಮಾಡಿಕೊಂಡು ಹೇಳಿದ ಮಾತು ನೆನಪಾಯಿತು. ಹುಲ್ಲು ತೆಗೆದು, ಜಗಲಿ ಒರೆಸಿ, ಗಾಳಿ ಬರುವ ಕಡೆ ಗೋಣಿ ಹಾಸಿದೆವು. ಸೋಮಜ್ಜಿ ಎದೆಗೆ ಏನೋ ಹಚ್ಚಿದಳು. ಸಂಜೆಯ ಹೊತ್ತಿಗೆ ಮೋತ್ಯಾ ತಲೆಯಿಟ್ಟು ಮಲಗಿತು. ಸೀಟಿ ಇತ್ತು, ಒದ್ದಾಟ ಇರಲಿಲ್ಲ.

ಹೋಗುವಾಗ ಸೋಮಜ್ಜಿ, "ಇನ್ನೂ ನಾಕು ದಿನದ ಉಂಡೆ ಅದೆ, ತಪ್ಪಿಸ್ಬೇಡ" ಅಂದಳು. ಪಥ್ಯದ ಗುಟ್ಟು ತಿಳಿದ ಮೇಲೆ ಆ ನಾಲ್ಕು ದಿನ ನಾನು ಉಪ್ಪು ತಿನ್ನಬಹುದಿತ್ತು, ಬಂಗಡೆಯನ್ನೂ ತಿನ್ನಬಹುದಿತ್ತು. ತಿನ್ನಲಿಲ್ಲ. ತಾಯಿ ಅಂದಿದ್ದಳಲ್ಲ.

ಚಿಕ್ಕಪ್ಪ ಬಂದದ್ದು ಹೋಳಿ ಸುಗ್ಗಿಯ ಹೊತ್ತಿಗೆ. ಸೊರಗಿದ್ದ, ಗಡ್ಡ ಬಿಟ್ಟಿದ್ದ, ಆಯಿಗೇ ಮೊದಲು ಗುರುತು ಹತ್ತಲಿಲ್ಲ. ಮೋತ್ಯಾನಿಗೆ ಹತ್ತಿತು. ಗಾಡಿಯ ಕೆಳಗಿನಿಂದ ಎದ್ದು ಓಡಿತು, ಅರ್ಧ ದಾರಿಯಲ್ಲಿ ದಮ್ಮು ಕಟ್ಟಿ ನಿಂತಿತು, ಕೆಮ್ಮಿತು, ಮತ್ತೆ ಓಡಿತು. ಚಿಕ್ಕಪ್ಪ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡ. ನಾನು ಕಂಬದ ಹಿಂದೆ ನಿಂತಿದ್ದೆ. ನನ್ನ ಮನಸ್ಸೆಲ್ಲ ಭರಣಿಯ ಮೇಲಿತ್ತು.

ಆಯಿ ಗಂಜಿ ಬಡಿಸಿದಳು. ದೇವರ ಗೂಡಿಗೆ ಹೋಗಿ ಭರಣಿ ತಂದು ಎಲೆಯ ಪಕ್ಕ ಇಟ್ಟಳು. ಚಿಕ್ಕಪ್ಪ ಮುಚ್ಚಳ ತೆಗೆದ. ನಾನು ಕಂಬದ ಹಿಂದಿನಿಂದ ಇಣುಕಿದೆ. ಭರಣಿಯ ತುಂಬ ಉಪ್ಪಿತ್ತು. ಬೆಳ್ಳಗಿನ, ಶುದ್ಧವಾದ, ಅಂಗಡಿಯ ಉಪ್ಪು. ನಾನು ಆಯಿಯ ಮುಖ ನೋಡಿದೆ. ಆಯಿ ಗಂಜಿಯ ಪಾತ್ರೆಯನ್ನು ನೋಡುತ್ತಿದ್ದಳು. ಅವಳಿಗೆ ಯಾವಾಗ ಗೊತ್ತಾಗಿತ್ತೋ, ಇಷ್ಟು ತಿಂಗಳು ಒಂದು ಮಾತೂ ಆಡಿರಲಿಲ್ಲ.

ಚಿಕ್ಕಪ್ಪ ಒಂದು ಹರಳು ಎತ್ತಿ ಬೆಳಕಿಗೆ ಹಿಡಿದ. "ಮಳೆಗಾಲದಾಗೆ ಉಪ್ಪು ಬೆಳ್ಳಗೆ ಆಗ್ತದಾ ಅತ್ತಿಗೆ?" ಅಂದ.

ಆಯಿ ಉತ್ತರ ಕೊಡುವ ಮೊದಲೇ ನಾನು ಕಂಬದ ಹಿಂದಿನಿಂದ ಬಂದು ಗೊಳೋ ಎಂದು ಅತ್ತೆ. ಉಬ್ಬಸ, ಡಾಕ್ಟರು, ಸೋಮಜ್ಜಿ, ಪಥ್ಯ, ಪ್ರಸಾದ, ಹುಲ್ಲು, ಕಾಗದದಲ್ಲಿ ಬರೆದ ಸುಳ್ಳು, ಎಲ್ಲ ಒಂದರ ಮೇಲೊಂದು ಹೇಳಿಬಿಟ್ಟೆ. ಚಿಕ್ಕಪ್ಪ ಕೇಳುತ್ತಾ ಹೋದ. ಮೋತ್ಯಾ ಹೊಸ್ತಿಲ ಹೊರಗೆ ಮಲಗಿ ಅವನನ್ನೇ ನೋಡುತ್ತಿತ್ತು.

"ಎಷ್ಟು ದಿನ ಸಪ್ಪೆ ಉಂಡೆ?" ಚಿಕ್ಕಪ್ಪ ಕೇಳಿದ.

"ಇಪ್ಪತ್ತೊಂದು. ನಡುವೆ ನೆಕ್ಕಿದ್ದು ಬಿಟ್ಟು."

ಅವನು ಹರಳನ್ನು ಭರಣಿಗೆ ಹಾಕಿ ಮುಚ್ಚಳ ಮುಚ್ಚಿ ಆಯಿಯ ಕಡೆ ಸರಿಸಿದ. "ಇದು ಇರ್ಲಿ ಅತ್ತಿಗೆ. ಅವ್ಳು ಅಷ್ಟು ದಿನ ಉಂಡಾಳೆ. ಇವತ್ತೊಂದು ದಿನ ನಂದು" ಎಂದು ಗಂಜಿಯನ್ನು ಹಾಗೆಯೇ ಉಂಡ. ಒಂದು ಅಗುಳೂ ಬಿಡಲಿಲ್ಲ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು, ಒಲೆಯ ಹೊಗೆ ಎಂದಳು. ಒಲೆ ಆರಿಹೋಗಿ ಎಷ್ಟೋ ಹೊತ್ತಾಗಿತ್ತು.

ಮೋತ್ಯಾ ಆಮೇಲೆ ಎರಡು ಮಳೆಗಾಲ ಕಂಡಿತು. ಉಬ್ಬಸ ಪೂರ್ತಿ ಹೋಗಲಿಲ್ಲ, ಔಷಧವೂ ತಪ್ಪಲಿಲ್ಲ. ಗಾಡಿಯ ಕೆಳಗೆ ನಡೆಯಲು ಆಗದಿದ್ದಾಗ ಚಿಕ್ಕಪ್ಪ ಅದನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಅವನ ಪಕ್ಕದಲ್ಲೇ ಹೋಯಿತು. ಅದರ ಮರುವರ್ಷ ಚಿಕ್ಕಪ್ಪ ಮದುವೆಯಾದ. ಚಿಕ್ಕಪ್ಪ, ಅಪ್ಪ, ಆಯಿ, ಸೋಮಜ್ಜಿ ಯಾರೂ ಈಗಿಲ್ಲ. ಅವರನ್ನೆಲ್ಲ ನೆನೆಯುವಾಗ ಬಾಯಿಗೆ ಮೊದಲು ಬರುವುದು ಆ ಮಣ್ಣುಪ್ಪಿನ ರುಚಿ.

ಇಷ್ಟು ಬರೆದು ಇವತ್ತು ಮಧ್ಯಾಹ್ನ ಗೋಡೆಯ ಹತ್ತಿರ ಹೋಗಿ, ಟೈಗರನ ಗುಳಿಗೆ ಆಯಿತೇ ಎಂದು ಶಾಂತಿಯನ್ನು ಕೇಳಿದೆ. "ಇವ್ರು ಹಾಕಿರ್ಬೇಕು ಅಕ್ಕೋರೇ" ಅಂದಳು. ಒಳಗಿನಿಂದ ಅವಳ ಗಂಡ, "ನಾನಲ್ಲ, ಅವ್ಳೇ ಹಾಕಿರ್ಬೇಕು" ಅಂದ. ಪಟ್ಟಿ ತರಿಸಿ ನೋಡಿದೆ. ಹತ್ತು ಕೋಣೆಯಲ್ಲಿ ಹತ್ತೂ ಗುಳಿಗೆ ಹಾಯಾಗಿ ಕೂತಿದ್ದವು. ಟೈಗರ್ ಮೆಟ್ಟಿಲ ಮೇಲೆ ಮುಂಗಾಲು ಅಗಲಿಸಿ ಕೂತು ಸೀಟಿ ಊದುತ್ತಿತ್ತು. ಇಬ್ಬರೂ ಒಳ್ಳೆಯ ಮಕ್ಕಳು, ನಾಯಿಯೆಂದರೆ ಜೀವ. ಪಾಪ, ಅವರ ಬಾಯಿ ಸಪ್ಪೆಯಾಗಿಲ್ಲ.

ಒಳಗೆ ಬಂದು ಗಂಜಿ ಬಡಿಸಿಕೊಂಡೆ. ಉಪ್ಪಿನಕಾಯಿಯ ಜಾಡಿಯನ್ನೂ ಉಪ್ಪಿನ ಡಬ್ಬಿಯನ್ನೂ ಎತ್ತಿ, ಸ್ಟೂಲು ಹಾಕದೆ ಕೈಗೆ ಸಿಗದ ಹಲಗೆಯ ಮೇಲಿಟ್ಟೆ. ಒಂದು ತುತ್ತು ಬಾಯಿಗಿಟ್ಟೆ. ಅದೇ ಸಪ್ಪೆ. ಐವತ್ತು ವರ್ಷ ದಾಟಿದರೂ ಅದು ಒಂದಿಷ್ಟೂ ಸುಧಾರಿಸಿಲ್ಲ. ತಟ್ಟೆಯನ್ನು ಅಲ್ಲೇ ಬಿಟ್ಟು ಮತ್ತೆ ಗೋಡೆಯ ಹತ್ತಿರ ಹೋದೆ.

"ಶಾಂತಿ, ಟೈಗರನಿಗೆ ಗುಳಿಗೆ ಹಾಕು ಮಾರಾಯ್ತಿ. ನೀ ಹಾಕೂತನಕ ನಾ ಇಲ್ಲೇ ನಿಂತಿರ್ತೆ. ನನ್ನ ಗಂಜಿ ಆರ್ತಾ ಅದೆ."